ಹನ್ನೊಂದು ದಿನ ಚೆಂಡಿಲ್ಲ

ಬನ್ನಿಮಂಟಪದ ಮೈದಾನ ಈಗ ಕುದುರೆಗಳದು.
ಪಂಜಿನ ಕವಾಯತಿಗೆ ತಾಲೀಮು ಶುರುವಾಗಿ
ನಮ್ಮ ಪೆನಾಲ್ಟಿ ಚುಕ್ಕೆಯ ಮೇಲೆ ನಿನ್ನೆ
ಒಂದು ಕಂದು ಕುದುರೆ, ಯಾವ ರೆಫರಿಗೂ ಅಂಜದೆ,
ನಿಧಾನವಾಗಿ ಲದ್ದಿ ಹಾಕಿತು.
ಲೀಗಿಗೆ ಹನ್ನೊಂದು ದಿನ ರಜೆ.

ಹುಡುಗರಿಗೆ ಹೇಳಿದೆ: ಮಲಗಿ, ಚೆನ್ನಾಗಿ ಉಣ್ಣಿ.
ಅರುಳಪ್ಪನ ಮಂಡಿ ಊದಿ ಮಂಡಿಯಂತಿಲ್ಲ,
ಅವನ ತಾಯಿ ಉಪ್ಪಿನ ಗಂಟು ಕಾಯಿಸಿ ಒತ್ತುತ್ತಾಳೆ.
ಗೋಲಿಗೆ ನಿಲ್ಲುವ ಪುಟ್ಟಮಾದು
ಟೈರು ಕಾರ್ಖಾನೆಯ ರಾತ್ರಿ ಪಾಳಿಯವನು;
ರಜೆ ಸಿಕ್ಕಿತಲ್ಲ ಎಂದು
ಹಗಲು ಪಾಳಿಗೂ ಹೆಸರು ಬರೆಸಿದ್ದಾನೆ.

ನಾನು ಖಜಾಂಚಿ.
ಕೆಂಪು ಬಟ್ಟೆಯ ಹೊದಿಕೆಯ ಪುಸ್ತಕ,
ಎಡಕ್ಕೆ ಜಮೆ, ಬಲಕ್ಕೆ ಖರ್ಚು.
ನಮ್ಮ ತಂಡವೂ ಹಾಗೇ:
ಎಡಗಡೆ ಓಡುವವನು ಜಬೀವುಲ್ಲಾ ಒಬ್ಬನೇ,
ಬಲಗಡೆ ಬರೀ ನೂಕುನುಗ್ಗಲು.

ಬೂಟಿನಂಗಡಿ ಸೇಟು, ಹದಿನಾರು ಸಾವಿರದ ಇನ್ನೂರು.
ನಿಂಬೆಹಣ್ಣು, ಗ್ಲೂಕೋಸು, ಬ್ಯಾಂಡೇಜು.
ಆಂಬುಲೆನ್ಸು, ಒಂದು ಸಲ.
ಜರ್ಸಿ ಒಗೆಯುವ ಪುಟ್ಟತಾಯಮ್ಮನಿಗೆ ಎರಡು ತಿಂಗಳ ಬಾಕಿ;
ಆಕೆ ಕೇಳಿಲ್ಲ,
ಏಳನೇ ನಂಬರಿನ ಕಲೆ ಮಾತ್ರ ಹಾಗೇ ಬಿಟ್ಟಿದ್ದಾಳೆ.

ಅಷ್ಟರಲ್ಲಿ ಲೀಗಿನ ಕಾಗದ ಬಂತು.
ರಜೆ ಮುಗಿದ ಗುರುವಾರ ಒಂದು, ಶನಿವಾರ ಒಂದು,
ಸೋಮವಾರ, ಬುಧವಾರ,
ಮತ್ತೆ ಶನಿವಾರ ಎರಡು:
ಬೆಳಿಗ್ಗೆ ಲೀಗು, ಸಂಜೆ ಕಪ್ಪು.
ಫೋನು ಮಾಡಿದೆ. ನಮ್ಮಲ್ಲಿರೋದು ಹದಿನಾಲ್ಕು ಜನ ಸಾರ್,
ಇಪ್ಪತ್ತೆಂಟೇ ಕಾಲು, ಅದರಲ್ಲೂ ಒಂದು ಊದಿದೆ.
ಕಾರ್ಯದರ್ಶಿ ಹೇಳಿದರು:
ಮಳೆ ಬಂತು, ಕುದುರೆ ಬಂತು, ಇನ್ನು ಚುನಾವಣೆ ಬರತ್ತೆ,
ವಾರಕ್ಕೆ ಎರಡು ಭಾನುವಾರ ನಾನೇ ಹೆರಲಾ?

ಕೋಝಿಕ್ಕೋಡಿನವನು ಬಂದದ್ದು ಭಾನುವಾರ.
ಬಿಳಿ ಷರಟು, ಕಂಕುಳಲ್ಲಿ ಚರ್ಮದ ಚೀಲ,
ಮಸಾಲೆ ದೋಸೆ ಅರ್ಧ ತಿಂದು ತಟ್ಟೆ ಸರಿಸಿದ.
ಲಕ್ಷದ ಹತ್ತು ಸಾವಿರ, ಅಂದ.
ಅರವತ್ತು ಈಗ. ಉಳಿದದ್ದು
ಹುಡುಗ ಹತ್ತು ಪಂದ್ಯ ಆಡಿದ ಮೇಲೆ.
ಒಂಬತ್ತು ಆಡಿಸಿ ಕೂರಿಸಿಬಿಟ್ಟರೆ?
ಅವನು ನಕ್ಕ, ಚಟ್ನಿಯ ಬಟ್ಟಲನ್ನು ನನ್ನ ಕಡೆ ನೂಕಿದ.
ಮಂಗಳವಾರ ರಾತ್ರಿಗೆ ನೋಂದಣಿ ಬಂದ್.

ಇಡೀ ರಾತ್ರಿ ಕೂಡಿಸಿ ಕಳೆದೆ.
ಅರವತ್ತಕ್ಕೆ ಸೇಟು ತೀರುತ್ತಾನೆ, ಪುಟ್ಟತಾಯಮ್ಮ ತೀರುತ್ತಾಳೆ,
ಮಂಡ್ಯದಿಂದ ಇಬ್ಬರನ್ನು ಕರೆಸಬಹುದು,
ಸಕ್ಕರೆ ಕಾರ್ಖಾನೆ ಲೈನಿನ ಹುಡುಗರು,
ಗಟ್ಟಿಗರು, ಶನಿವಾರ ಎರಡೂ ಆಡಿಯಾರು.
ಇಬ್ಬರೂ ಬಲಗಾಲಿನವರು.

ಮೀನು ಮಾರ್ಕೆಟ್ಟಿನಲ್ಲಿ ಸಿಕ್ಕ ಜಬೀ.
ಐಸಿನ ದಿಮ್ಮಿ ಹೆಗಲ ಮೇಲೆ, ಗೋಣಿಚೀಲದಿಂದ ನೀರು ತೊಟ್ಟಿಕ್ಕಿ
ಎಡಗಾಲ ಚಪ್ಪಲಿ ಪಚಪಚ.
ಎಲ್ಲ ಹೇಳಿದೆ, ಹತ್ತನೇ ಪಂದ್ಯದ ವಿಷಯವನ್ನೂ.
ಸಂಬಳ ಎಷ್ಟೆಂದು ಕೇಳುತ್ತಾನೆ ಅಂದುಕೊಂಡಿದ್ದೆ.
ದಿಮ್ಮಿ ಇಳಿಸಿ, ಕೈ ಒರೆಸಿಕೊಂಡು,
ಅಲ್ಲಿ ಗ್ರೌಂಡಲ್ಲಿ ಹುಲ್ಲಿರತ್ತಾ ಅಣ್ಣ? ಅಂದ.
ಪೂರ್ತಿ? ಕಾರ್ನರ್ ತನಕ?

ಇರತ್ತೆ, ಅಂದೆ. ನಾನು ನೋಡಿದವನಲ್ಲ.

ಮಂಗಳವಾರ ನಾಲ್ಕರ ಬಸ್ಸು.
ಗುಂಡ್ಲುಪೇಟೆ ದಾಟಿದರೆ ಕಾಡಿನ ಗೇಟು,
ಒಂಬತ್ತಕ್ಕೆ ಬಿದ್ದರೆ ಮುಂಜಾನೆಯವರೆಗೆ
ಆನೆಗಳಿಗಷ್ಟೇ ರಸ್ತೆ.
ಎಂಟೂಮುಕ್ಕಾಲಿನಿಂದ ಗಡಿಯಾರ ನೋಡುತ್ತಾ ಕೂತೆ.
ದಾಟಲಿ ಅಂತಲೋ, ದಾಟದಿರಲಿ ಅಂತಲೋ,
ಖಜಾಂಚಿಯನ್ನು ಕೇಳಬೇಡಿ.
ಒಂಬತ್ತೂ ಹತ್ತಕ್ಕೆ ಮಿಸ್ಡ್ ಕಾಲ್ ಬಂತು,
ಎರಡು ರಿಂಗು. ದಾಟಿದೆ ಅಂತ ಗುರುತು.

ಇವತ್ತು ಮೈದಾನ ನಮಗೆ ಮರಳಿತು.
ನೋಡಿದರೆ ಎಲ್ಲೆಲ್ಲೂ ಗೊರಸಿನ ಗುಳಿ,
ಎಡಗೆರೆಯ ಉದ್ದಕ್ಕೂ ಗೇಣು ಆಳ;
ಕುದುರೆಗಳೂ ಅಲ್ಲೇ ಓಡಿವೆ.
ಪುಟ್ಟಮಾದು ನಿದ್ದೆಗಣ್ಣಲ್ಲಿ ಗುದ್ದಲಿ ಹಿಡಿದು ನಿಂತ.
ಮಂಡ್ಯದ ರೈಲು ಇನ್ನೂ ಬಂದಿಲ್ಲ.

ಮರಳು, ಅರ್ಧ ಗಾಡಿ: ಎಂಟು ನೂರು.
ಬಲಗಡೆ ಬರೆದೆ.