ನಾಲ್ಕು ಗಂಟೆಯ ದೀಪ

ದಾಬೋಳಿಯ ಬಾಗಿಲು ದಾಟಿದ್ದೇ
ಗಾಳಿ ಮುಖಕ್ಕೆ ಒರಗಿತು,
ದನದ ಮೂತಿಯ ಉಸಿರಿನ ಹಾಗೆ, ಬೆಚ್ಚಗೆ, ಒದ್ದೆ.
ಸ್ವೆಟರು ತೆಗೆಯಲು ಮರೆತು
ಬಸ್ಸಿನಲ್ಲಿ ಕೂತೆ. ಪಕ್ಕದವಳ ಬುಟ್ಟಿಯಲ್ಲಿ
ಬಂಗಡೆ, ಇನ್ನೂ ಕಣ್ಣು ಬಿಟ್ಟುಕೊಂಡೇ ಇದ್ದವು.

ಐದು ತಿಂಗಳು ಗ್ದಾನ್ಸ್ಕಿನ ಹಡಗುಕಟ್ಟೆಯಲ್ಲಿ
ಕಬ್ಬಿಣಕ್ಕೆ ಕಬ್ಬಿಣ ಬೆಸೆದೆ.
ಮೂರೂವರೆಗೇ ಕತ್ತಲು.
ನನ್ನ ಕೈಯ ಕಿಡಿಯೊಂದೇ ಅಲ್ಲಿ ಸೂರ್ಯ;
ಅದನ್ನೂ ಬರಿಗಣ್ಣಲ್ಲಿ ನೋಡುವಂತಿರಲಿಲ್ಲ.

ಮಂಗೋರ್ ಗುಡ್ಡದ ಮನೆಯಲ್ಲಿ ಎಲ್ಲ ಇದ್ದಲ್ಲೇ ಇದೆ.
ಉಪ್ಪುಗಾಳಿಗೆ ಕಿಟಕಿಯ ಸರಳು ಸವೆದಿದೆ,
ಎರಡು ಕಡೆ ಬೆಸುಗೆ ಬೇಕು.
ಸಾವಂತ್ರಿ ರೊಟ್ಟಿ ಬಡಿಯುತ್ತಿದ್ದಾಳೆ.
ಗೋಡೆಯಾಚೆಯಿಂದ ಫಿಲೊಮೆನಾ ಕೊಂಕಣಿಯಲ್ಲಿ
ಕೇಳುತ್ತಾಳೆ: ಬಂದನಾ, ಬೆಳ್ಳಗಾಗಿದ್ದಾನಾ.

ನಾಲ್ಕು ಗಂಟೆಗೆ ನನ್ನ ಕೈ ತಾನೇ ಹೋಗಿ
ದೀಪದ ಗುಂಡಿ ಒತ್ತುತ್ತದೆ.
ಹೊರಗೆ ಹಗಲೋ ಹಗಲು.
ಮಗಳು ನಕ್ಕು ಆರಿಸುತ್ತಾಳೆ.
ಮರುದಿನವೂ ಒತ್ತುತ್ತೇನೆ, ಆರಿಸುತ್ತಾಳೆ.
ಮೂರನೆಯ ದಿನ ಯಾರೂ ಆರಿಸಲಿಲ್ಲ.

ರಾತ್ರಿ ಎಂಟೂವರೆ.
ಅಲ್ಲಿ ನನಗೆ ಆಗ ನಾಲ್ಕು,
ದೀಪ ಹಾಕಿ ಅವಳ ಫೋನಿಗೆ ಕಾಯುವ ಹೊತ್ತು.
ಈಗ ಎದುರಿಗೇ ಕೂತಿದ್ದೇನೆ,
ತಾಟಿನಲ್ಲಿ ಅರ್ಧ ರೊಟ್ಟಿ, ಪುಂಡಿಪಲ್ಯೆ.
ಸಾವಂತ್ರಿ ಫೋನು ಎತ್ತಿಕೊಂಡಳು,
ಅದನ್ನು ನೋಡಿದಳು, ನನ್ನನ್ನು ನೋಡಿದಳು,
ಕೆಳಗಿಟ್ಟಳು. ಆಮೇಲೆ
ಏಳು ಸಮುದ್ರದಾಚೆಗೆ ಕೇಳಿಸಬೇಕೆಂಬಂತೆ
ದನಿ ಎತ್ತಿ ಕೇಳಿದಳು:
"ಊಟ ಆತೇನ್ರಿ?"

ಗಂಟಲಲ್ಲಿದ್ದ ತುತ್ತು ನುಂಗಿ
ನಾನೂ ಕೂಗಿಯೇ ಹೇಳಿದೆ:
"ನಡದೈತಿ."