ಕಿವಿಗುರುತು

ಅಕುರೇರಿಯಲ್ಲಿ ಮಧ್ಯಾಹ್ನ ಮೂರಕ್ಕೇ ದೀಪ ಹಚ್ಚುವ ತಿಂಗಳು.
ಇಲ್ಮುರಳ ಪ್ರಬಂಧ ಮೇಜಿನ ಮೇಲಿದೆ, ನೂರ ಹನ್ನೆರಡು ಪುಟ.
ನನ್ನ ಕೈಯಲ್ಲಿ ಕೆಂಪು ಮಸಿಯಲ್ಲ, ಸೀಸದ ಕಡ್ಡಿ.
ಕೆಂಪು ಕಂಡರೆ ಮಕ್ಕಳು ಓದುವುದಿಲ್ಲ, ಎಣಿಸುತ್ತಾರೆ.

ಮೊದಲ ಕರಡಿಗೆ ನಾನೇ ಹೇಳಿದ್ದೆ:
ನೀನು ಬರೆಯುತ್ತಿರುವುದೇ ಕುರಿಗಳ ಬಗ್ಗೆ, ನೋಡು.
ಬೇಸಿಗೆಯೆಲ್ಲ ಗುಡ್ಡದ ಮೇಲೆ ಎಲ್ಲರ ಹಿಂಡೂ ಒಂದೇ ಹುಲ್ಲು ಮೇಯುತ್ತದೆ.
ಸೆಪ್ಟೆಂಬರಿನಲ್ಲಿ ಇಳಿಸಿ ತಂದು ದುಂಡು ದೊಡ್ಡಿಗೆ ತುಂಬಿದಾಗ
ಯಾರೂ ಮುಖ ನೋಡುವುದಿಲ್ಲ, ಕಿವಿ ಹಿಡಿದು ನೋಡುತ್ತಾರೆ.
ಎಡಕ್ಕೆ ಸೀಳು, ಬಲಕ್ಕೆ ಕಚ್ಚು: ಇಂಥವರ ಮನೆಯದು.
ಓದುವುದೂ ಹಾಗೇ, ಎಲ್ಲರ ಜೊತೆ ಮೇಯುವುದು.
ಬರೆಯುವುದು ದೊಡ್ಡಿ.

ಇದ್ದದ್ದನ್ನು ಇದ್ದಂತೆ ತಂದೆಯೋ, ಉದ್ಧರಣ ಚಿಹ್ನೆಯೊಳಗೆ ನಿಲ್ಲಿಸು,
ಪುಟಸಂಖ್ಯೆ ಕೊಡು.
ನಿನ್ನ ಮಾತಲ್ಲಿ ಹೇಳಿದೆಯೋ, ಆಗಲೂ ಹೆಸರು ಬಿಡಬೇಡ.
ಉಣ್ಣೆ ಕತ್ತರಿಸಿದ ಮಾತ್ರಕ್ಕೆ ಕುರಿ ನಿನ್ನದಾಗುವುದಿಲ್ಲ.
ಇಪ್ಪತ್ತಮೂರನೇ ಪುಟದಲ್ಲಿ ‘ಗಾಳಿ’ ತೆಗೆದು ‘ಮಾರುತ’ ಹಾಕಿದ್ದೀಯ,
ನಡಿಗೆ ಇನ್ನೂ ಅವನದೇ, ಕುಂಟು ಸಮೇತ.

ನಕ್ಕಳು. ತಿದ್ದಿದಳು. ಹುಡುಗಿ ಜಾಣೆ.
ರೇಕ್ಯಾವಿಕ್ಕಿಗೆ ಬಸ್ಸಿನಲ್ಲಿ ಆರೂವರೆ ಗಂಟೆ ಹೋಗಿ
ಒಂದೇ ಒಂದು ಪುಟಸಂಖ್ಯೆ ಹುಡುಕಿ ತಂದಿದ್ದಾಳೆ.
ಈ ಸಲ ಒಂದು ಅಲ್ಪವಿರಾಮವೂ ಅನಾಥವಲ್ಲ.

ಎಂಬತ್ತೆಂಟನೇ ಪುಟ.
“ಮಂಜಿನಲ್ಲಿ ಕುರಿ ದಾರಿ ತಪ್ಪುವುದಿಲ್ಲ, ಎಣಿಸುವವನು ತಪ್ಪುತ್ತಾನೆ.”
(ಔಸ್ಮುಂದುರ್ ೧೯೮೯, ಪು. ೪೧)

ಔಸ್ಮುಂದುರ್ ಅಂದರೆ ನಾನು.
ಚಿಹ್ನೆ ಸರಿ. ವರ್ಷ ಸರಿ. ಪುಟ ಸರಿ, ತೆಗೆದು ನೋಡಿದೆ.
ಆಕರಪಟ್ಟಿಯಲ್ಲಿ ನಮ್ಮ ದೇಶದ ಕ್ರಮದಂತೆ
ಅಪ್ಪನ ಹೆಸರು ಹಿಂದಿಟ್ಟು ನನ್ನ ಹೆಸರೇ ಮೊದಲಿಟ್ಟಿದ್ದಾಳೆ.
ಮಾತೊಂದು ನನ್ನದಲ್ಲ, ಅಷ್ಟೇ.

ಅಂದವಳು ಮಾಲ್‌ಫ್ರೀದುರ್,
ದೊಡ್ಡಿಯ ಬೇಲಿಗೆ ಮೊಣಕೈ ಊರಿ, ಮೂಗಿಗೆ ನಸ್ಯ ಏರಿಸುತ್ತ.
ನನಗಾಗ ಇಪ್ಪತ್ತೈದೋ ಇಪ್ಪತ್ತಾರೋ,
ಕೈಗವಸಿನೊಳಗೆ ಬೆರಳು ಮರಗಟ್ಟಿತ್ತು, ಬರೆದುಕೊಳ್ಳಲಿಲ್ಲ.
ನೆನಪಿರುತ್ತದೆ ಅಂದುಕೊಂಡೆ.
ನೆನಪಿತ್ತು. ಬರೆಯಲು ಕೂತಾಗ
ಅದು ನನ್ನ ದನಿಯಲ್ಲೇ ಕೇಳಿಸಿತು.
ಅವಳು ಪುಸ್ತಕ ನೋಡಿದಳೋ ಇಲ್ಲವೋ.
ನೋಡಿದ್ದರೆ ಕಿವಿ ಹಿಡಿಯುತ್ತಿದ್ದಳು,
ಕುರಿಯದ್ದಲ್ಲ.

ಮೂವತ್ತೈದು ವರ್ಷದಿಂದ ನನ್ನ ದೊಡ್ಡಿಯಲ್ಲಿ ನಿಂತಿದೆ,
ನುಣ್ಣನೆಯ ಕಿವಿ.
ಎಷ್ಟು ಜನ ಹೊಗಳಿದರು ಆ ಒಂದು ಸಾಲನ್ನು!
ನಾನು ತಲೆ ತಗ್ಗಿಸುತ್ತಿದ್ದೆ. ವಿನಯ ಅಂದುಕೊಂಡರು.

ಸೀಸದ ಕಡ್ಡಿಯನ್ನು ಎರಡು ಸಲ ಚೂಪು ಮಾಡಿದೆ.
ಅಂಚಿನಲ್ಲಿ ಬರೆದೆ:
ಇಲ್ಮುರ್, ನಿನ್ನದು ಸರಿಯಾಗಿದೆ, ತಪ್ಪು ನನ್ನದು.
ಇಲ್ಲಿ ಮಾಲ್‌ಫ್ರೀದುರ್ ಅಂತ ಹಾಕು,
ಬಾಯಿಮಾತು, ದೊಡ್ಡಿಯ ಬೇಲಿಯ ಬಳಿ, ಸೆಪ್ಟೆಂಬರ್.
‘ಔಸ್ಮುಂದುರ್ ಮೂಲಕ’ ಎಂದೂ ಸೇರಿಸು,
ಕದ್ದವನ ಹೆಸರೂ ಆಕರವೇ.
ವರ್ಷದ ಜಾಗ ಖಾಲಿ ಬಿಡು.
ಅವಳ ಅಪ್ಪನ ಹೆಸರಿನದೂ.
ನಾನು ಕೇಳಿರಲಿಲ್ಲ.