ಡಿಕ್ಕಿಯಲ್ಲಿ ಜಾಗವಿಲ್ಲ

ನಮ್ಮ ಪಲಾವಿನ ಅಕ್ಕಿ ಕೆಂಪು, ನಮ್ಮ ಕಾರುಗಳು ಬಿಳಿ.
ಮಾರ್ಗಿಲಾನಿನಲ್ಲಿ ಇದಕ್ಕೆ ಕಾರಣ ಕೇಳುವವರು
ರೈಲಿನಿಂದ ಆಗಷ್ಟೇ ಇಳಿದವರು.

ಹನ್ನೊಂದು ಹೆಂಗಸರ ಚೀಟಿ. ತಿಂಗಳಿಗೊಬ್ಬಳ ಮನೆ,
ಒಂದು ಕಡಾಯಿ ಊಟ, ಮೇಜುಬಟ್ಟೆಯಡಿ ನೋಟಿನ ಕಂತೆ.
ಸೊಜಿದಾ ಹಲ್ಲು ಕಟ್ಟಿಸಿಕೊಂಡಳು, ಬಂಗಾರದ್ದೇ.
ಮುಹಾಯೊ ಮಗನ ಮದುವೆ ಮಾಡಿ, ಅದು ಮುರಿದದ್ದನ್ನೂ ಕಂಡಳು.
ನನ್ನ ಸರದಿ ಕೊನೆಯದು.
ಕೊನೆಯವಳಿಗೆ ಲಾಭವೊಂದೇ: ಯೋಚಿಸಲು ಹತ್ತು ತಿಂಗಳು.

ಮಗ್ಗದ ಮುಂದೆ ಕೂತವಳು ಎಲ್ಲವನ್ನೂ ಗಜದಲ್ಲೇ ಎಣಿಸುತ್ತಾಳೆ.
ಒಂದು ಬಾಗಿಲಿಗೆ ನಲವತ್ತು ಗಜ ರೇಷ್ಮೆ,
ಕನ್ನಡಿಗೆ ಎರಡು,
ಇಂಜಿನ್ನಿಗೆ... ಬಿಡಿ, ಅಷ್ಟು ಉದ್ದ ನೇಯ್ದರೆ
ಬಟ್ಟೆಯೇ ಫರ್ಗಾನಾ ಮುಟ್ಟುತ್ತಿತ್ತು, ಕಾರು ಬೇಕಿರಲಿಲ್ಲ.

ಕೊನೆಗೆ ಹಂಚಿಕೆ ಹೀಗಾಯಿತು:
ಮುಂದಿನೆರಡು ಬಾಗಿಲು ನನ್ನವು,
ಚಕ್ರಗಳು ಚೀಟಿಯವು,
ಮಿಕ್ಕದ್ದು ನಾಲ್ಕು ವರ್ಷ ಬ್ಯಾಂಕಿನದು.
ಹಾರ್ನು ನನ್ನದು ಎಂದ ಎರ್ಗಶ್.
ಇರಲಿ ಎಂದೆ.
ಅವನ ಕಣ್ಣಿಗೆ ಪೊರೆ. ಪರೀಕ್ಷೆಯ ಗೋಡೆಯ ಮೇಲೆ
ದೊಡ್ಡಕ್ಷರವೊಂದನ್ನು ಓದಿ, ಉಳಿದುದನ್ನು ಊಹಿಸಿದ್ದ,
ಧೈರ್ಯವಾಗಿ, ಪೂರ್ತಿ ತಪ್ಪಾಗಿ.
ಹಾಗಾಗಿ ಐವತ್ತೊಂದರಲ್ಲಿ ಕ್ಲಚ್ಚು ಒತ್ತಲು ಕಲಿತವಳು ನಾನು.
ಮಗ್ಗ ತುಳಿದ ಕಾಲಿಗೆ ಅದೇನು ಹೊಸದು?

ಕಾರು ಬಂದ ದಿನ ಅತ್ತಿಗೆ ಇಸಿರಿಕ್ ಸೊಪ್ಪು ಸುಟ್ಟು
ಬಾನೆಟ್ಟಿಗೆ ಮೂರು ಸುತ್ತು ದೃಷ್ಟಿ ತೆಗೆದಳು.
ಸೀಟಿನ ಪ್ಲಾಸ್ಟಿಕ್ಕು ಮಾತ್ರ ತೆಗೆಯಬೇಡ ಎಂದಳು.
ತೆಗೆದಿಲ್ಲ. ಬೇಸಿಗೆಯಲ್ಲಿ ಬೆನ್ನಿಗಂಟಿಕೊಂಡು
ಇಳಿಯುವಾಗ ಪಟಪಟ ಬೈಯುತ್ತದೆ.
ಹಿಪ್ಪುನೇರಳೆಯಡಿ ನಿಲ್ಲಿಸಿದ ಮೊದಲ ರಾತ್ರಿಯೇ
ಬಿಳಿಯ ಮೇಲೆಲ್ಲ ಹಣ್ಣಿನ ಮಸಿ.
ಮರ ಕಡಿಯೋಣ ಎಂದ.
ಆ ಎಲೆಯ ಅನ್ನ ಉಂಡವರು ನಾವು, ಹಾಗನ್ನಬಾರದು
ಎಂದೆ. ಬಕೆಟ್ಟು ತಂದೆ.

ಪೆಟ್ರೋಲಿನ ಲೆಕ್ಕ ಎರಡೇ ತಿಂಗಳಿಗೆ ಕೈಕೊಟ್ಟಿತು.
ಗ್ಯಾಸು ಹಾಕಿಸಿದೆವು.
ಈಗ ಡಿಕ್ಕಿ ತುಂಬ ಸಿಲಿಂಡರು,
ಮಧ್ಯಾಹ್ನ ಮಲಗಿ ಸಂಜೆಯೂ ಏಳದ ನೆಂಟನಂತೆ.
ಕರಬೂಜಗಳು ಹಿಂದಿನ ಸೀಟಿನಲ್ಲಿ, ಬೆಲ್ಟು ಕಟ್ಟಿಕೊಂಡು,
ತಿರುವಿನಲ್ಲಿ ಒಂದರ ಭುಜಕ್ಕೊಂದು ಒರಗಿಕೊಂಡು.
‘ಡಿಕ್ಕಿಯಾದರೆ?’ ಎಂದು ಎರ್ಗಶ್.
‘ಡಿಕ್ಕಿಯೇ ಇಲ್ಲವಲ್ಲ’ ಎಂದು ನಾನು.

ಜನವರಿಯಲ್ಲಿ ಗ್ಯಾಸಿನ ಸಾಲು ಕಾಲುವೆಯ ಸೇತುವೆ ದಾಟುತ್ತದೆ.
ಗೇಟಿನ ಬಳಿ ನಿಯಮ: ಓಡಿಸುವವರು ಮಾತ್ರ ಒಳಗೆ,
ಮಿಕ್ಕವರು ಇಳಿದು ಹಳದಿ ಗೆರೆಯಾಚೆ ಕಾಯಬೇಕು.
ಇಪ್ಪತ್ತೇಳು ವರ್ಷದಲ್ಲಿ ಅವನನ್ನು ಅಷ್ಟು ದೂರದಿಂದ
ನಾನು ನೋಡಿಯೇ ಇರಲಿಲ್ಲ.
ಒಂದೇ ಕೋಣೆ, ಒಂದೇ ಹೊದಿಕೆ,
ಎಲ್ಲಿತ್ತು ಅಷ್ಟು ದೂರ?
ಬಿಸಿ ಆರಬಾರದೆಂದು ಕೋಟಿನೊಳಗೆ ಎರಡು ರೊಟ್ಟಿ.
ಪರರ ಹೆಂಡಿರು ಮಕ್ಕಳ ನಡುವೆ
ಯಾರದೋ ಮನೆಯ ಹಿರಿಯನಂತೆ, ಸಣ್ಣ ಆಳು.
ಇಷ್ಟು ಸಣ್ಣವನೆ?

ತುಂಬಿಸಿಕೊಂಡು ಹೊರಬಂದೆ.
ನನ್ನ ಮುಂದೆ ಮೂರು ಬಿಳಿ, ಹಿಂದೆ ಎರಡು.
ಅವನು ಮೊದಲ ಕಾರಿನ ಬಾಗಿಲು ತೆರೆದು
ಕೂತೇಬಿಟ್ಟ.
ಒಳಗಿದ್ದ ಮೀಸೆಯವನು ಏನೋ ಹೇಳಿದ. ಇಳಿದ.
ಎರಡನೆಯದರತ್ತ ಹೆಜ್ಜೆ ಇಟ್ಟು, ನಿಂತ.
ಹಣೆಗೆ ಕೈ ಅಡ್ಡ ಹಿಡಿದ, ಬಿಸಿಲೇನೂ ಇರಲಿಲ್ಲ.

ಕೂಗಬಹುದಿತ್ತು. ಗಾಜು ಇಳಿಸಿದೆ, ಯಾಕೋ ಕೂಗಲಿಲ್ಲ.
ಅವನ ಪಾಲಿನ ಹಾರ್ನು ಒತ್ತಿದೆ,
ನಮ್ಮ ಓಣಿಯ ತಿರುವಿನಲ್ಲಿ ಪಕ್ಕದಿಂದ ಕೈಚಾಚಿ
ಅವನೊತ್ತುವ ಹಾಗೆಯೇ,
ಗಿಡ್ಡ ಎರಡು, ಉದ್ದ ಒಂದು.

ತಲೆ ಎತ್ತಿದ. ನೇರ ಬಂದ,
ಕಣ್ಣಿದ್ದವನ ಹಾಗೆ.
ಬಾಗಿಲನ್ನು ಧಡಾರೆಂದು ಎಳೆದುಕೊಂಡ.
‘ಫ್ರಿಜ್ಜಿನ ಬಾಗಿಲಲ್ಲ ಅದು, ಮೆಲ್ಲಗೆ.
ನಲವತ್ತು ಗಜ’ ಎಂದೆ.
ರೊಟ್ಟಿ ಮುರಿದು ಗೇರಿನ ಪಕ್ಕ ಇಟ್ಟ.